ಸೋದರಮಾವ

ಶಾಲೆಯ ಗೇಟಿನ ಮುಂದೆ ಮಕ್ಕಳಿಗಾಗಿ ಕಾಯುವ ಸಾಲಿನಲ್ಲಿ ನಿಂತಿದ್ದಾಗ ಅವನ ಪ್ಯಾಂಟಿನ ಮೇಲೆ, ಎಲ್ಲಿ ಮೆತ್ತಿಕೊಳ್ಳಬಾರದೋ ಸರಿಯಾಗಿ ಅಲ್ಲಿಯೇ, ಬಾಳೆಹಣ್ಣು ಮೆತ್ತಿಕೊಂಡಿತ್ತು. ಮೆತ್ತಿದವನು ಎರಡೂವರೆ ವರ್ಷದ ಮಗ. ಹೊಟ್ಟೆಯೊಂದನ್ನೇ ನೋಡಿ ಅವನಿಗೆ ಭೀಮ ಎಂದು ಅಡ್ಡಹೆಸರಿಟ್ಟಿದ್ದರು. ಹೊಟ್ಟೆ ಬಿಟ್ಟರೆ ಉಳಿದದ್ದೆಲ್ಲ ಕಡ್ಡಿ. ಈಗ ತಳ್ಳುಗಾಡಿಯಲ್ಲಿ ಕೂತು, ಒಂದು ಕಾಲಿನ ಬೂಟು ಕಳೆದುಹಾಕಿದ ತೃಪ್ತಿಯಲ್ಲಿ ಬೆರಳು ಚೀಪುತ್ತಿದ್ದ. ಒರೆಸಿದರೆ ಕಲೆ ಹರಡುತ್ತದೆ. ಒರೆಸದೆ ಬಿಟ್ಟರೆ ನೋಡಿದವರು ಬೇರೇನೋ ಅಂದುಕೊಳ್ಳುತ್ತಾರೆ. ಒರೆಸುವುದನ್ನು ಯಾರಾದರೂ ನೋಡಿದರೆ ಇನ್ನೂ ಕೆಟ್ಟದ್ದನ್ನು ಅಂದುಕೊಳ್ಳುತ್ತಾರೆ. ಕೊನೆಗೆ ತಳ್ಳುಗಾಡಿಯನ್ನೇ ಮೈಗೆ ಒತ್ತಿ ಹಿಡಿದು ಮಾನ ಮುಚ್ಚಿಕೊಂಡು ನಿಂತ. ಸುತ್ತ ನಿಂತಿದ್ದವರೆಲ್ಲ ಪರಿಚಿತರೇ, ಅಂದರೆ ಮುಖ ಕಂಡರೆ ತಲೆ ಅಲ್ಲಾಡಿಸುವಷ್ಟು ಪರಿಚಿತರು. ಒಂದು ವರ್ಷದಿಂದ ಇದೇ ಗೇಟು, ಇವೇ ಮುಖಗಳು, ಇದೇ ತಲೆಯಾಟ. ಅವರಲ್ಲಿ ಗಡ್ಡದವನೊಬ್ಬ ತಲೆಯಾಡಿಸುವಾಗ ಹುಬ್ಬನ್ನೂ ಚೂರು ಎತ್ತುತ್ತಿದ್ದ. ಅಷ್ಟಕ್ಕೇ ಇವನು ಅವನನ್ನು ಮನಸ್ಸಿನಲ್ಲೇ ಸ್ನೇಹಿತನ ಪಟ್ಟಕ್ಕೆ ಏರಿಸಿಬಿಟ್ಟಿದ್ದ. ಈ ವಯಸ್ಸಿನಲ್ಲಿ ಒಂದು ಹುಬ್ಬನ್ನು ನಂಬಿಕೊಂಡು ಬದುಕುವ ಗತಿ ಬಂತಲ್ಲ ಎಂದು ಒಮ್ಮೊಮ್ಮೆ ನಗು ಬರುತ್ತಿತ್ತು. ಆದರೆ ಆ ನಗುವನ್ನು ಹಂಚಿಕೊಳ್ಳಲು ಹೆಂಡತಿ ಸಂಜೆಯವರೆಗೆ ಸಿಗುತ್ತಿರಲಿಲ್ಲ, ಸಂಜೆಯ ಹೊತ್ತಿಗೆ ಅದು ನಗುವಾಗಿ ಉಳಿದಿರುತ್ತಿರಲಿಲ್ಲ.

ಮಕ್ಕಳನ್ನು ಹೊರಗೆ ಬಿಡುತ್ತಿದ್ದವಳು ಹೊಸ ಟೀಚರು. ಹಳೆಯವಳು ಹೆರಿಗೆಗೆ ಹೋಗಿದ್ದಳು. ಅವಳಿಗಾದರೆ ಇವನು ಗೊತ್ತಿದ್ದ, ಇವನ ತಳ್ಳುಗಾಡಿಯ ಕಿರುಗುಟ್ಟುವ ಚಕ್ರ ಕೇಳಿದರೇ ಮಗಳನ್ನು ಕಳಿಸಿಬಿಡುತ್ತಿದ್ದಳು. ಹೊಸಬಳು ಎಳೆಯ ಹುಡುಗಿ, ಹೊಸದಾಗಿ ಕೆಲಸಕ್ಕೆ ಸೇರಿದವರ ಶ್ರದ್ಧೆ ಮೈತುಂಬ. ಒಂದೊಂದೇ ಮಗುವಿನ ಭುಜ ಹಿಡಿದು, ಬಗ್ಗಿ, ನಿನ್ನನ್ನು ಕರೆದೊಯ್ಯಲು ಬಂದವರು ಯಾರು, ತೋರಿಸು, ಎಂದು ಕೇಳಿ ಆಮೇಲೆ ಬಿಡುತ್ತಿದ್ದಳು. ಮಗಳ ಸರದಿ ಬಂತು. ಆರು ವರ್ಷದ ಮಗಳು ಇವನನ್ನು ನೋಡಿದಳು, ಪ್ಯಾಂಟನ್ನು ನೋಡಿದಳು, ಮತ್ತೆ ಮುಖ ನೋಡಿದಳು. ಆಮೇಲೆ ಟೀಚರಿಗೆ ಏನೋ ಹೇಳಿದಳು. ಹೆಂಡತಿಯ ಕೆಲಸಕ್ಕಾಗಿ ಬಂದು ನೆಲೆಸಿದ್ದ ಆ ಪರದೇಶದ ಊರಿನ ಭಾಷೆಯಲ್ಲಿ ಇವನಿಗೆ ಚೆನ್ನಾಗಿ ಗೊತ್ತಿದ್ದ ಮಾತು ಒಂದೇ, ಇಲ್ಲ, ಅಲ್ಲ ಎಂಬ ಅರ್ಥದ್ದು. ಎಲ್ಲ ಕಚೇರಿಗಳಲ್ಲೂ ಮೊದಲು ಕಲಿಸುತ್ತಿದ್ದುದು ಅದನ್ನೇ. ಮಗಳ ಬಾಯಿಂದ ಬಂದ ಮಾತಿನಲ್ಲಿ ಅದು ಇತ್ತು. ಟೀಚರ ಕೈ ಮಗಳ ಭುಜದ ಮೇಲೆ ಗಟ್ಟಿಯಾಯಿತು. ಅವಳು ಮುಗುಳ್ನಗುತ್ತಲೇ ಮಗಳನ್ನು ಒಳಕ್ಕೆ ಎಳೆದುಕೊಂಡಳು, ಮುಗುಳ್ನಗುತ್ತಲೇ ಇವನಿಗೆ ಒಳಗೆ ಬರಲು ಹೇಳಿದಳು. ಸಾಲಿನವರೆಲ್ಲ ಇತ್ತ ನೋಡಿದರು. ಹೇಳಪ್ಪ, ದಿನವೂ ನೋಡುತ್ತೀಯಲ್ಲ ಎಂಬಂತೆ ಅವನು ಗಡ್ಡದವನ ಕಡೆ ತಿರುಗಿದ. ಗಡ್ಡದವನು ತನ್ನ ಬೂಟಿನ ಲೇಸಿನಲ್ಲಿ ಏನೋ ಮಹತ್ವದ್ದನ್ನು ಕಂಡವನಂತೆ ಬಗ್ಗಿದ. ಹುಬ್ಬು ಕಾಣಿಸಲೇ ಇಲ್ಲ.

ಶಾಲೆಯ ಮುಖ್ಯಸ್ಥೆ ದಪ್ಪನೆಯ ಸ್ವೆಟರಿನ, ಮೆತ್ತಗಿನ ದನಿಯ ಹೆಂಗಸು. ಕಿರುಚಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಓಣಿಯಂಥ ಪಡಸಾಲೆಯಲ್ಲಿ ಮಕ್ಕಳು ಕೂರುವ ಪುಟ್ಟ ಕುರ್ಚಿಯೊಂದನ್ನು ಎಳೆದು ಕೊಟ್ಟಳು. ಅದರಲ್ಲಿ ಕೂತಾಗ ಮೊಣಕಾಲುಗಳು ಗದ್ದದ ಹತ್ತಿರಕ್ಕೆ ಬಂದವು. ಆ ಭಂಗಿಯಲ್ಲಿ ಯಾವ ಗಂಡಸೂ ಅಪ್ಪನಂತೆ ಕಾಣಲಾರ. ಅವಳು ಒಂದೊಂದೇ ಮಾತನ್ನು ಬಿಡಿಬಿಡಿಯಾಗಿ ಆಡಿದ್ದರಿಂದ ಅವನಿಗೆ ಎಲ್ಲ ಅರ್ಥವಾಯಿತು, ಅರ್ಥವಾಗದಿದ್ದರೆ ಚೆನ್ನಾಗಿತ್ತು. ತಂದೆತಾಯಿ ಏನು ಕೆಲಸ ಮಾಡುತ್ತಾರೆ ಎಂದು ಇವತ್ತು ತರಗತಿಯಲ್ಲಿ ಎಲ್ಲ ಮಕ್ಕಳೂ ಹೇಳಿದರು. ನಿಮ್ಮ, ಅಂದರೆ ಈ ಮಗು, ತನ್ನ ತಂದೆ ಸೇತುವೆ ಕಟ್ಟುತ್ತಾರೆ ಎಂದು ಹೇಳಿತು. ನೀವು ಸೇತುವೆ ಕಟ್ಟುತ್ತೀರಾ? ಇಲ್ಲ ಎಂದ. ಸೇತುವೆ ಕಟ್ಟುವವಳು ಅವನ ಹೆಂಡತಿ. ಅದನ್ನು ಹೇಳಲು ಹೋದರೆ ಬಾಯಿಂದ ಬಂದದ್ದು ನನ್ನ ಹೆಂಡತಿ ಸೇತುವೆ ಎಂದು. ಮುಖ್ಯಸ್ಥೆ ತಾಳ್ಮೆಯಿಂದ ತಲೆಯಾಡಿಸಿದಳು. ಈಗ ಗೇಟಿನಲ್ಲಿ ಟೀಚರು ಕೇಳಿದಾಗ ಮಗು, ಇವರು ನಮ್ಮ ಅಪ್ಪ ಅಲ್ಲ, ಮನೆಯಲ್ಲಿ ಅಡುಗೆ ಮಾಡುವವರು ಎಂದಿದೆ. ಮಕ್ಕಳು ಏನೇನೋ ಹೇಳುತ್ತಾರೆ, ನಮಗೆ ಗೊತ್ತು. ಆದರೆ ಮಗು ಹೀಗೆ ಹೇಳಿದ ಮೇಲೆ ತಾಯಿ ಬರುವವರೆಗೆ ಕಳಿಸುವ ಹಾಗಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಅವನು ತಪ್ಪು ತಿಳಿಯಲಿಲ್ಲ; ಸರಿಯಾಗಿಯೇ ತಿಳಿದ, ಅದೇ ತೊಂದರೆ.

ಗುರುತಿನ ಚೀಟಿ ತೆಗೆದು ತೋರಿಸಿದ. ಅದರಿಂದ ಪರಿಸ್ಥಿತಿ ಇನ್ನಷ್ಟು ಕೆಟ್ಟಿತು. ಮಗಳ ಹೆಸರಿನ ಕೊನೆಗೆ ಇದ್ದುದು ಅವನ ಹೆಸರು. ಅವನ ಹೆಸರಿನ ಕೊನೆಗೆ ಇದ್ದುದು ಅವನಪ್ಪನ ಹೆಸರು. ಹೆಂಡತಿಯ ಹೆಸರಿನ ಕೊನೆಗೆ ಅವಳಪ್ಪನದು. ಮೂವರದೂ ಮೂರು ದಿಕ್ಕು. ಹಾಗಾದರೆ ನಿಮ್ಮ ಮನೆಯಲ್ಲಿ ಯಾರ ಹೆಸರೂ ಯಾರದಕ್ಕೂ ಸೇರುವುದಿಲ್ಲವೇ ಎಂದು ಮುಖ್ಯಸ್ಥೆ ನಿಜವಾದ ಕುತೂಹಲದಿಂದ ಕೇಳಿದಳು. ಇಲ್ಲ ಎಂದ, ಯಾಕೋ ಸ್ವಲ್ಪ ಜಂಬದಿಂದಲೇ. ಮೊಬೈಲು ತೆಗೆದು ಫೋಟೋ ಹುಡುಕಿದ. ಸಾವಿರಾರು ಫೋಟೋ: ಮಗಳು ಜಾರುತ್ತಿರುವುದು, ಭೀಮ ಬಕೆಟ್ಟಿನಲ್ಲಿ ಕೂತಿರುವುದು, ಇಬ್ಬರೂ ಹೆಂಡತಿಯ ಎರಡು ತೋಳಿಗೆ ಜೋತುಬಿದ್ದಿರುವುದು. ಎಲ್ಲವನ್ನೂ ತೆಗೆದವನು ಅವನೇ, ಹಾಗಾಗಿ ಒಂದರಲ್ಲೂ ಅವನಿರಲಿಲ್ಲ. ಅಲ್ಲಲ್ಲಿ ಒಂದು ಮೂಲೆಯಲ್ಲಿ ಅವನ ಹೆಬ್ಬೆರಳು ಮಾತ್ರ ಮಬ್ಬಾಗಿ ಕುಟುಂಬದ ಸದಸ್ಯತ್ವ ಪಡೆದಿತ್ತು. ಕೊನೆಗೂ ಒಂದು ಸಿಕ್ಕಿತು, ಹೆಂಡತಿ ತೆಗೆದದ್ದು. ಸೊಂಟಕ್ಕೆ ಟವೆಲು ಸುತ್ತಿಕೊಂಡು ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದಾನೆ, ಮಕ್ಕಳು ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಿದ್ದಾರೆ. ಮುಖ್ಯಸ್ಥೆ ಅದನ್ನು ಬಹಳ ಹೊತ್ತು ನೋಡಿದಳು. ಹೌದು, ಮಗು ಇದನ್ನೇ ಹೇಳಿದ್ದು ಎಂದಳು.

ಹೆಂಡತಿಗೆ ಫೋನು ಮಾಡಿದರು, ಅವಳು ತೆಗೆಯಲಿಲ್ಲ. ಇವತ್ತು ಸೇತುವೆಯ ಕಂಬಕ್ಕೆ ಕಾಂಕ್ರೀಟು ಸುರಿಯುವ ದಿನ. ಬೆಳಿಗ್ಗೆ ಹೊರಡುವಾಗಲೇ ಹೇಳಿದ್ದಳು, ಇವತ್ತು ಭೂಮಿ ಬಿರಿದರೂ ನನಗೆ ಫೋನ್ ಮಾಡ್ಬೇಡ ಎಂದು. ಮಗಳು ಎದುರಿನ ಬೆಂಚಿನ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವ ದೊಡ್ಡ ಹೆಂಗಸಿನಂತೆ ಕೂತಿದ್ದಳು. ಮುಖ್ಯಸ್ಥೆ ಇನ್ನೊಮ್ಮೆ ಫೋನು ಮಾಡಲು ಅತ್ತ ತಿರುಗಿದಾಗ ಅವನು ತಗ್ಗಿದ ದನಿಯಲ್ಲಿ, "ಏನೇ ಇದು?" ಎಂದ.

"ನೀನೇ ಹೇಳಿದ್ದಲ್ಲಾ, ಇದು ಆಟ ಅಂತ," ಅಂದಳು ಮಗಳು. "ಪಾರ್ಕಲ್ಲಿ ಆಡಿದ್ದು. ನೀನು ಅಪ್ಪ ಅಲ್ಲ ಅನ್ನೋ ಆಟ."

ಅವನ ಕಿವಿ ಬಿಸಿಯಾಯಿತು. ಹೋದ ವಾರ ಪಾರ್ಕಿನಲ್ಲಿ, ಅವಳಿ ಮಕ್ಕಳ ತಾಯಿಯೊಬ್ಬಳು ಅವನ ಪಕ್ಕದಲ್ಲಿ ಬಂದು ಕೂತಿದ್ದಳು. ಆ ಊರಿನಲ್ಲಿ ಯಾರೂ ಹಾಗೆ ತಾವಾಗಿ ಬಂದು ಕೂರುವುದಿಲ್ಲ. ಹವೆಯ ಬಗ್ಗೆ ಮಾತಾಡಿದಳು, ಭೀಮನ ಹೊಟ್ಟೆಯ ಬಗ್ಗೆ ಮಾತಾಡಿದಳು, ಅವನು ಅರ್ಧ ಮಾತಿನಲ್ಲಿ ಅರ್ಧ ಕೈಯಲ್ಲಿ ಉತ್ತರ ಕೊಟ್ಟ, ಅವಳು ನಕ್ಕಳು. ಇವನ ಮಾತಿಗೆ, ಇವನ ತಪ್ಪಿಗಲ್ಲದೆ, ಆ ಭಾಷೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು. ಆಮೇಲೆ ಸಹಜವಾಗಿ, ನೀವೇನು ಕೆಲಸ ಮಾಡುತ್ತೀರಿ ಎಂದಳು. ಇದಕ್ಕೆ ಅವನ ಬಳಿ ತಯಾರಾದ ಉತ್ತರವೊಂದಿತ್ತು: ಊರಿನಲ್ಲಿ ದನದ ಡಾಕ್ಟರು, ಇಲ್ಲಿಯ ಪರೀಕ್ಷೆಗೆ ಓದುತ್ತಿದ್ದೇನೆ. ಅದನ್ನು ಹೇಳಿ ಹೇಳಿ ಅದರ ಬಣ್ಣ ಹೋಗಿತ್ತು; ಹೇಳಿದ ಕೂಡಲೆ ಕೇಳಿದವರ ಮುಖದಲ್ಲಿ ಅಯ್ಯೋ ಎಂಬಂಥ ಒಂದು ಮೃದುತ್ವ ಬರುತ್ತಿತ್ತು, ಕುಂಟುವ ನಾಯಿಯನ್ನು ಕಂಡಾಗ ಬರುತ್ತದಲ್ಲ, ಅಂಥದ್ದು. ಆ ಹೊತ್ತಿಗೆ ಅದು ಬೇಡವಾಗಿತ್ತು. ಇವು ನನ್ನ ಅಕ್ಕನ ಮಕ್ಕಳು, ರಜೆಗೆ ಬಂದಿದ್ದೇನೆ, ಅಕ್ಕನಿಗೆ ಸ್ವಲ್ಪ ಸಹಾಯ ಎಂದುಬಿಟ್ಟ. ನುಣ್ಣಗೆ, ಒಂದೂ ವ್ಯಾಕರಣದ ತಪ್ಪಿಲ್ಲದೆ ಬಂತು. ಸುಳ್ಳಿಗೆ ಆ ಭಾಷೆ ಎಷ್ಟು ಚೆನ್ನಾಗಿ ಒಗ್ಗುತ್ತದೆ ಎಂದು ಅವನಿಗೇ ಬೆರಗಾಯಿತು. ಎಂಥ ಒಳ್ಳೆಯ ಮಾವ ಎಂದಳು ಅವಳು. ಇವನು ರಜೆಯ ಮೇಲೆ ಬಂದವರ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತ. ಅದೇ ಮಕ್ಕಳು, ಅದೇ ಸುಂಬಳ ಒರೆಸುವ ಕೆಲಸ. ಅಪ್ಪ ಮಾಡಿದರೆ ಕೈಲಾಗದವನು, ಮಾವ ಮಾಡಿದರೆ ದೇವರಂಥವನು. ತಿರುಗಿದರೆ ಹಿಂದೆ ಮಗಳು ನಿಂತಿದ್ದಳು. ಮನೆಗೆ ಬರುವ ದಾರಿಯಲ್ಲಿ ಅವಳಿಗೆ ಇದೊಂದು ಆಟ ಎಂದ, ಅಮ್ಮನಿಗೆ ಹೇಳಬಾರದ ಆಟ ಎಂದ. ಮಗಳು ಕೊಟ್ಟ ಮಾತಿಗೆ ತಪ್ಪಲಿಲ್ಲ. ಅಮ್ಮನಿಗೆ ಹೇಳಲಿಲ್ಲ, ಶಾಲೆಗೆ ಹೇಳಿದಳು.

"ಅದು ಅವತ್ತಿನ ಆಟ. ಮುಗೀತು. ಈಗ ಅವರಿಗೆ ನಿಜ ಹೇಳು," ಎಂದ.

ಮುಖ್ಯಸ್ಥೆ ಫೋನು ಕೆಳಗಿಟ್ಟು ತಿರುಗಿದಳು. ಅಷ್ಟೇ ಮೆತ್ತಗೆ ಹೇಳಿದಳು: ತಾಯಿ ಬರುವವರೆಗೆ ದಯವಿಟ್ಟು ನಮಗೆ ಅರ್ಥವಾಗುವ ಭಾಷೆಯಲ್ಲೇ ಮಗುವಿನೊಡನೆ ಮಾತಾಡಿ. ಅವನಿಗೆ ಮೊದಲು ಸಿಟ್ಟು ಬಂತು. ಆಮೇಲೆ ಆ ಸಿಟ್ಟನ್ನು ಯಾವ ಭಾಷೆಯಲ್ಲಿ ಹೊರಹಾಕುವುದು ಎಂದು ತಿಳಿಯಲಿಲ್ಲ. ಏನಾದರೂ ಹೇಳೋಣವೆಂದು ಮಗಳ ಕಡೆ ನೋಡಿ ಆ ಊರಿನ ಭಾಷೆಯಲ್ಲಿ, ನೀನು ಹಸಿವು ಇದೆಯಾ ಎಂದ. ಮಗಳು ಮುಖ ಸಿಂಡರಿಸಿದಳು. ತಾನು ಕನ್ನಡದಲ್ಲಿ ಮಾತ್ರ ಅಪ್ಪ ಎಂದು ಅವನಿಗೆ ಹೊಳೆದದ್ದು ಆಗ. ಕನ್ನಡದಲ್ಲಿ ಗದರುತ್ತಿದ್ದ, ಮುದ್ದಿಸುತ್ತಿದ್ದ, ಕೋತಿ, ಕತ್ತೆ, ನನ್ನ ರಾಜಕುಮಾರಿ ಎನ್ನುತ್ತಿದ್ದ, ಹಲ್ಲುಜ್ಜದಿದ್ದರೆ ಹಲ್ಲಿನೊಳಗೆ ಹುಳುಗಳ ಮದುವೆ ನಡೆಯುತ್ತದೆ, ಊಟಕ್ಕೆ ಕರೆದರೆ ಹೋಗಬೇಕಾಗುತ್ತದೆ ಎಂದು ಹೆದರಿಸುತ್ತಿದ್ದ. ಆ ಭಾಷೆಯನ್ನು ಕಿತ್ತುಕೊಂಡರೆ ಉಳಿಯುವವನು ಪುಟ್ಟ ಕುರ್ಚಿಯಲ್ಲಿ ಕೂತ, ನೀನು ಹಸಿವು ಎನ್ನುವ ಒಬ್ಬ ಗಂಡಸು. ಅವನನ್ನು ಕಂಡರೆ ತಾನೂ ಯಾವ ಮಗುವನ್ನೂ ಕೊಟ್ಟು ಕಳಿಸುತ್ತಿರಲಿಲ್ಲ.

ಹಸುವಿನೊಳಗೆ ಭುಜದವರೆಗೆ ಕೈಯಿಟ್ಟು ನಿಂತಾಗ ಅವನಿಗೆ ಯಾವ ಭಾಷೆಯೂ ಬೇಕಾಗುತ್ತಿರಲಿಲ್ಲ. ಊರಿನ ಪಶು ಆಸ್ಪತ್ರೆಯ ಹಿತ್ತಲಲ್ಲಿ ಎರಡು ಕಂಬಗಳ ನಡುವೆ ಹಸುವನ್ನು ನಿಲ್ಲಿಸಿ, ಅದರ ಬಾಲವನ್ನು ಪಕ್ಕಕ್ಕೆ ಸರಿಸಿ, ಕಣ್ಣು ಮುಚ್ಚಿ ಒಳಗಿನದನ್ನು ಬೆರಳಿನಿಂದ ನೋಡುತ್ತಿದ್ದ. ಇದು ಕರುವಿನ ಗೊರಸು, ಇದು ಮೂತಿ, ಇದು ತಿರುಗಿಕೊಂಡಿದೆ. ಸುತ್ತ ನಿಂತವರು ಉಸಿರು ಬಿಗಿಹಿಡಿದು ಏನಂತೀರಿ ಡಾಕ್ಟ್ರೇ ಎನ್ನುತ್ತಿದ್ದರು. ಜೀವನದಲ್ಲಿ ಅವನು ಪೂರ್ತಿ ಖಚಿತವಾಗಿದ್ದದ್ದು ಅಲ್ಲಿ ಮಾತ್ರ, ಒಂದು ದನದ ಹಿಂಭಾಗದಲ್ಲಿ. ಇಲ್ಲಿ ದನ ಮುಟ್ಟಬೇಕಾದರೆ ಇಲ್ಲಿಯ ಭಾಷೆಯಲ್ಲಿ ಪರೀಕ್ಷೆ ಪಾಸಾಗಬೇಕು, ದನಗಳದ್ದೇನೂ ತಕರಾರಿಲ್ಲ. ಪುಸ್ತಕಗಳು ಊಟದ ಮೇಜಿನ ಮೇಲೆ ಇವೆ, ಭೀಮ ಅವುಗಳ ಮೇಲೆ ಹತ್ತಿ ನಿಂತು ಕಪಾಟಿನ ಬಿಸ್ಕತ್ತು ತೆಗೆಯುತ್ತಾನೆ, ಅಷ್ಟರ ಮಟ್ಟಿಗೆ ಉಪಯೋಗ. ಅತ್ತೆ ವೀಡಿಯೋದಲ್ಲಿ ಬಂದಾಗಲೆಲ್ಲ ಅಳಿಯಂದಿರು ಏನು ಮಾಡ್ತಿದ್ದಾರೆ ಎಂದು ಕೇಳುತ್ತಿದ್ದರು; ಹೆಂಡತಿ, ಓದ್ತಿದ್ದಾರಮ್ಮ ಎನ್ನುತ್ತಿದ್ದಳು, ಅದೇ ಹೊತ್ತಿಗೆ ಹಿಂದುಗಡೆ ಅಳಿಯಂದಿರು ಭೀಮನ ಚಡ್ಡಿ ಹಿಂಡುತ್ತ ಹಾದುಹೋಗುತ್ತಿದ್ದರು. ಅತ್ತೆ ಅದನ್ನು ನೆಂಟರಿಗೆಲ್ಲ ಸಂಶೋಧನೆ ಎಂದು ಹೇಳಿದ್ದಾರಂತೆ. ಎಲ್ಲರೂ ಅವನ ಬಗ್ಗೆ ಒಂದಿಷ್ಟು ಸುಳ್ಳು ಹೇಳಿಯೇ ಅವನನ್ನು ನೆಟ್ಟಗೆ ನಿಲ್ಲಿಸಿದ್ದರು. ಮಗಳೊಬ್ಬಳೇ ನಿಜ ಹೇಳಿದ್ದಳು, ಶಾಲೆ ಶುರುವಾದ ಹೊಸದರಲ್ಲಿ: ನಮ್ಮಪ್ಪ ಹಸುವಿನ ಅಂಡಿನೊಳಗೆ ಕೈ ಹಾಕ್ತಾರೆ. ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ಎಷ್ಟೋ ದಿನ ಮಕ್ಕಳು ಅವಳನ್ನು ಕಂಡರೆ ಅಂಬಾ ಎನ್ನುತ್ತಿದ್ದರು. ಅವಳು ಅಳುತ್ತ ಬಂದು ಹೇಳಿದಾಗ ಅವನೂ ನಕ್ಕಿದ್ದ, ಆ ಊರಿನ ಹಸುಗಳೂ ಅಂಬಾ ಅಂತಾನೇ ಅನ್ನುತ್ತವೆಯಾ ಎಂದು ಕೇಳಿದ್ದ. ಅವಳು ಆಮೇಲೆ ಆ ವಿಷಯ ಎತ್ತಿರಲಿಲ್ಲ. ಇವತ್ತು ಅಮ್ಮನ ಸೇತುವೆಯನ್ನು ಎತ್ತಿ ಅಪ್ಪನಿಗೆ ಕೊಟ್ಟಿದ್ದಾಳೆ. ಕೊಟ್ಟ ಮೇಲೆ, ಬಾಳೆಹಣ್ಣಿನ ಪ್ಯಾಂಟಿನಲ್ಲಿ ಬಂದು ನಿಂತವನನ್ನು ಏನು ಮಾಡುವುದು.

ಕೊನೆಗೂ ಹೆಂಡತಿಯೇ ವಾಪಸು ಫೋನು ಮಾಡಿದಳು, ಬರುತ್ತೇನೆ ಎಂದಳಂತೆ. ಮುಖ್ಯಸ್ಥೆ ಅದನ್ನು ತಿಳಿಸುತ್ತಿದ್ದಾಗ ತಳ್ಳುಗಾಡಿಯಲ್ಲಿ ಭೀಮ ಬೆರಳು ಚೀಪುವುದನ್ನು ನಿಲ್ಲಿಸಿ ಶೂನ್ಯವನ್ನು ದಿಟ್ಟಿಸತೊಡಗಿದ. ಆ ನೋಟ ಅವನಿಗೆ ಗೊತ್ತಿತ್ತು. ತಪಸ್ಸಿಗೆ ಕೂತವರಿಗೆ ಅಂತಿಮ ಹಂತದಲ್ಲಿ ಬರುವ ನೋಟ.

"ಅಪ್ಪಾ, ಕಕ್ಕ," ಎಂದ ಭೀಮ.

ಅವನು ಎದ್ದ. ಮುಖ್ಯಸ್ಥೆಯೂ ಎದ್ದಳು. ಚಿಕ್ಕವನು ಏನು ಹೇಳುತ್ತಿದ್ದಾನೆ ಎಂದು ಮಗಳನ್ನು ಕೇಳಿದಳು. ಮಗಳು ತಲೆ ತಗ್ಗಿಸಿದಳು. ಭೀಮ ಎರಡನೆಯ ಸಲ, ದನಿಯಲ್ಲಿ ತುರ್ತು ತುಂಬಿ, ಅದೇ ಎರಡು ಮಾತು ಹೇಳಿದ. ಮಗಳು ಅನುವಾದ ಮಾಡಿದಳು. ಮುಖ್ಯಸ್ಥೆಗೆ ಒಂದು ದಾರಿ ಕಂಡಿತು. ಹಾಗಾದರೆ ಅವನು ಇವರನ್ನು ಅಪ್ಪ ಎಂದು ಕರೆಯುತ್ತಾನೆ ಎಂದಳು. ಹೌದು, ಅವನಿಗೆ ಅಪ್ಪ ಎಂದಳು ಮಗಳು. ಮತ್ತೆ ನಿನಗೆ? ಮಗಳು ಯೋಚಿಸಿದಳು. ಸುಳ್ಳನ್ನು ಬಿಟ್ಟುಕೊಡದೆ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿರುವುದು ಅವಳ ಹಣೆಯ ಮೇಲೆ ಕಾಣುತ್ತಿತ್ತು. ಅದೇ ಹಣೆ, ಅದೇ ಗೆರೆ, ಅವನ ಕನ್ನಡಿಯಲ್ಲಿ ದಿನವೂ ಕಾಣುವಂಥದ್ದು. ಆಮೇಲೆ ಅಪ್ಪಟ ವ್ಯಾಕರಣದಲ್ಲಿ ಹೇಳಿದಳು: ನಮ್ಮಿಬ್ಬರಿಗೂ ಅಮ್ಮ ಒಬ್ಬಳೇ. ಮುಖ್ಯಸ್ಥೆಯ ಮುಖದಲ್ಲಿ ಎಲ್ಲವೂ ತಿಳಿಯಿತೆಂಬ ಒಂದು ಅಪಾರವಾದ ಕರುಣೆ ಮೂಡಿತು. ಆ ಕರುಣೆ ಮಗಳಿಂದ ಹೊರಟು, ಭೀಮನನ್ನು ಸವರಿ, ಅವಳ ಲೆಕ್ಕದಲ್ಲಿ ಎರಡನೆಯ ಗಂಡನಾದ ಇವನ ಮೇಲೆ ಬಂದು ನಿಂತಿತು. ಪಾಪ, ಪ್ರಯತ್ನವಂತೂ ಪಡುತ್ತಿದ್ದಾನೆ ಎಂಬಂತೆ.

ಮಕ್ಕಳ ಕಕ್ಕಸಿನಲ್ಲಿ ಎಲ್ಲವೂ ಮೊಣಕಾಲೆತ್ತರದಲ್ಲಿತ್ತು. ಹೊಸ ಟೀಚರು ಬಾಗಿಲ ಹೊರಗೆ ಕಾವಲು ನಿಂತಳು. ಅವನು ಮಂಡಿಯೂರಿ, ಗೊಂಬೆಮನೆಯಂಥ ಆ ಕಮೋಡಿನ ಮೇಲೆ ಭೀಮನನ್ನು ಕೂರಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡ. ಭೀಮ ಅವನ ತಲೆಗೂದಲನ್ನು ಹಿಡಿದುಕೊಂಡ. ಹಣೆಗೆ ಹಣೆ ತಾಗುವಷ್ಟು ಹತ್ತಿರ. ಭೀಮ ಮುಕ್ಕರಿದಾಗಲೆಲ್ಲ ತಾನೂ ಮುಕ್ಕರುತ್ತಿದ್ದೇನೆಂದು ಅವನಿಗೆ ತಿಳಿಯಿತು. ಹಸು ಹೆರುವಾಗಲೂ ಹೀಗೇ ಆಗುತ್ತಿತ್ತು. ಇಲ್ಲಿಯಾದರೂ ಕನ್ನಡ ನಡೆಯುತ್ತದೆಯೇ ಎಂದು ಬಾಗಿಲಿನ ಕಡೆ ನೋಡಿ, ಪಿಸುದನಿಯಲ್ಲಿ, ಶಾಭಾಷ್ ಎಂದ. ತೊಳೆದ. ಬೆಚ್ಚನೆಯ ನೀರಿನಲ್ಲಿ ಕೈಗೆ ಸೋಪು ಹಚ್ಚಿಕೊಂಡು ನಿಂತಾಗ ಕನ್ನಡಿ ಎದೆಯ ಮಟ್ಟಕ್ಕೆ ಇದ್ದುದರಿಂದ ಅದರಲ್ಲಿ ಅವನ ತಲೆಯಿರಲಿಲ್ಲ, ಅಂಗಿ ಇತ್ತು, ಅದರ ಕೆಳಗೆ ಬಾಳೆಹಣ್ಣು ಇತ್ತು. ತನ್ನನ್ನು ಬಲ್ಲವರು ಈ ಊರಿನಲ್ಲಿ ಮೂವರೇ; ಅವರಲ್ಲಿ ಒಬ್ಬಳು ಅಲ್ಲ ಅಂದಳು, ಒಬ್ಬ ಕಕ್ಕಕ್ಕೆ ಬೇಕಾದಾಗ ಹೌದು ಅಂದ, ಇನ್ನೊಬ್ಬಳು ಕಾಂಕ್ರೀಟು ಬಿಟ್ಟು ಬರುತ್ತಿದ್ದಾಳೆ. ಅವಳೂ ಅಲ್ಲ ಅಂದರೆ? ನಲ್ಲಿ ನಿಲ್ಲಿಸಿ ಭೀಮನ ಚಡ್ಡಿ ಏರಿಸಿದ.

ಹೆಂಡತಿ ಬಂದಾಗ ಅವಳ ಬೂಟಿನ ತುಂಬ ಸಿಮೆಂಟು, ತಲೆಯ ಮೇಲೆ ಹೆಲ್ಮೆಟ್ಟು, ತೆಗೆಯಲು ಮರೆತಿದ್ದಳು. ಪಡಸಾಲೆಯ ಉದ್ದಕ್ಕೂ ಬೂದುಬಣ್ಣದ ಹೆಜ್ಜೆ ಮೂಡಿಸುತ್ತ ಬಂದಳು. ಮುಖ್ಯಸ್ಥೆ ಎದ್ದು ನಿಂತಳು, ಹೊಸ ಟೀಚರೂ ನೆಟ್ಟಗಾದಳು. ಸೇತುವೆ ಕಟ್ಟುವವರು ಬಂದರೆ ಜನ ಹೇಗೆ ನಿಲ್ಲುತ್ತಾರೋ ಹಾಗೆ. ಅವನೂ ಏಳಲು ಹೋದ, ಪುಟ್ಟ ಕುರ್ಚಿಯೂ ಅವನ ಹಿಂದಕ್ಕೆ ಅಂಟಿಕೊಂಡು ಎದ್ದಿತು. ಮುಖ್ಯಸ್ಥೆ ವಿಷಯವನ್ನು ಹೇಳಿ, ಕೇಳಲೇಬೇಕಾದದ್ದಕ್ಕೆ ಕ್ಷಮೆ ಕೇಳಿ, ಕೇಳಿದಳು: ಇವರು ಈ ಮಗುವಿನ ತಂದೆಯೇ? ಹೆಂಡತಿ ಅವನನ್ನು ನೋಡಿದಳು. ಕುರ್ಚಿ ಕಳಚಿಕೊಳ್ಳುತ್ತಿರುವುದನ್ನು, ಪ್ಯಾಂಟನ್ನು, ಒಂದೇ ಬೂಟಿನ ಭೀಮನನ್ನು, ಎಲ್ಲವನ್ನೂ ಸಾವಕಾಶವಾಗಿ ನೋಡಿದಳು. ಕಂಬದೊಳಗೆ ಅರ್ಧ ಸುರಿದ ಕಾಂಕ್ರೀಟು ಅಲ್ಲಿ ಗಟ್ಟಿಯಾಗುತ್ತಿರುವುದು ಅವಳ ಕಣ್ಣಿನಲ್ಲಿ ಕಾಣುತ್ತಿತ್ತು. ಆ ತಡ ಅವನಿಗೆ ಮದುವೆಯಾದ ಇಷ್ಟು ವರ್ಷಗಳಿಗಿಂತ ಉದ್ದವಾಗಿ ಕಂಡಿತು. ಹೌದು ಎಂದಳು. ಬೇರೇನನ್ನೂ ಸೇರಿಸಲಿಲ್ಲ.

ಹೊರಗೆ ಬಂದು ಒಂದು ಬೀದಿ ದಾಟಿದರು. ತಳ್ಳುಗಾಡಿಯ ಚಕ್ರವೊಂದೇ ಕಿರುಗುಟ್ಟುತ್ತಿತ್ತು. ಮದುವೆಯಾದ ಹೊಸದರಲ್ಲಿ ಹೆಂಡತಿ ಅವನನ್ನು ನೀವು ಎನ್ನುತ್ತಿದ್ದಳು; ಈ ಊರಿಗೆ ಬಂದ ಮೇಲೆ ಯಾವಾಗಲೋ ಅದು ನೀನು ಆಗಿತ್ತು, ಇಬ್ಬರಿಗೂ ಅದರಿಂದ ಸುಖವಾಗಿತ್ತು. ಈಗ ಮರ್ಯಾದೆ ಬೇಕಾಗಿದ್ದುದು ಸಿಟ್ಟಿಗೆ ಮಾತ್ರ.

"ನಿಮ್ಮನ್ನ ಅಪ್ಪ ಅಲ್ಲ ಅಂತ ಅವಳ್ಯಾಕೆ ಹೇಳಿದ್ಳು?" ಎಂದಳು.

ಅವನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿಬಿಟ್ಟಳು. ಪಾರ್ಕು, ಅವಳಿಗಳ ತಾಯಿ, ಅಕ್ಕನ ಮಕ್ಕಳು, ಅಮ್ಮನಿಗೆ ಹೇಳಬಾರದ ಆಟ, ಒಂದನ್ನೂ ಬಿಡದೆ, ಒಂದನ್ನೂ ಸೇರಿಸದೆ. ಅಂಬಾ ಎಂದದ್ದನ್ನೂ ಹೇಳಿದಳು. ಈ ಸಲ ಅವನಿಗೆ ನಗು ಬರಲಿಲ್ಲ. ಹೆಂಡತಿ ಹೆಲ್ಮೆಟ್ಟನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು. ಕೂದಲು ತಲೆಗೆ ಅಂಟಿತ್ತು. ಅವಳು ಬೈಯುತ್ತಾಳೆಂದು ಅವನು ಕಾದ. ಬೈದರೆ ತಿರುಗಿ ಹೇಳಲು ಅವನಲ್ಲಿ ಸಾಕಷ್ಟಿತ್ತು, ಎರಡು ವರ್ಷದಿಂದ ಪಾತ್ರೆ ತಿಕ್ಕುವಾಗ ಜೋಡಿಸಿ ಜೋಡಿಸಿ ಇಟ್ಟದ್ದು. ಅವಳು ಬೈಯಲಿಲ್ಲ. ಪಾರ್ಕು ಇದೇ ದಾರಿಯಲ್ಲಲ್ವಾ ಎಂದಳು. ಬೇಡ, ಇವತ್ತು ಬೇಡ, ಭೀಮನಿಗೆ ನಿದ್ದೆ ಬಂದಿದೆ ಎಂದ. ಭೀಮ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಕೂತಿದ್ದ. ಅವಳು ಮುಂದೆ ನಡೆದಳು, ಸಿಮೆಂಟಿನ ಬೂಟು ಟಕಟಕ ಎನ್ನಿಸುತ್ತ. ಮಗಳು ಅವಳ ಹಿಂದೆ, ಅವನು ಮಗಳ ಹಿಂದೆ.

ಅವಳಿಗಳ ತಾಯಿ ಅದೇ ಬೆಂಚಿನ ಮೇಲೆ ಇದ್ದಳು. ಇವನನ್ನು ಕಂಡು ಕೈ ಬೀಸಿದಳು, ಹೆಂಡತಿಯನ್ನು ಕಂಡು ಎದ್ದೇ ಬಂದಳು. ನೀವೇ ಅಕ್ಕ ಇರಬೇಕು ಎಂದಳು. ಎಂಥ ಅದೃಷ್ಟ ನಿಮ್ಮದು, ರಜೆಯನ್ನೆಲ್ಲ ಅಕ್ಕನ ಮಕ್ಕಳಿಗೆ ಕೊಡುವ ಗಂಡಸರನ್ನು ನಾನು ನೋಡಿಯೇ ಇಲ್ಲ, ನನ್ನ ಗಂಡ ಸ್ವಂತ ಮಕ್ಕಳಿಗೇ ಭಾನುವಾರ ಮಾತ್ರ ಸಿಗುತ್ತಾನೆ. ಅವನು ತಳ್ಳುಗಾಡಿಯ ಹಿಡಿಯನ್ನು ನೋಡುತ್ತ ನಿಂತ. ಈಗ ಬೀಳುತ್ತದೆ, ಈಗ ಬೀಳುತ್ತದೆ ಎಂದುಕೊಂಡ. ಹೆಂಡತಿ ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, ಆ ಊರಿನವರದೇ ಧಾಟಿಯಲ್ಲಿ, ಹೌದು, ನನ್ನ ತಮ್ಮ ಬಂಗಾರದಂಥವನು ಎಂದಳು. ಆ ಭಾಷೆಯಲ್ಲಿ ಅಣ್ಣ ತಮ್ಮ ಎರಡಕ್ಕೂ ಒಂದೇ ಮಾತು. ಆದರೂ ಅವಳು ಅಂದದ್ದು ತಮ್ಮ ಎಂದೇ ಅವನಿಗೆ ಖಾತ್ರಿಯಿತ್ತು. ಅಡುಗೆ ಮಾಡುತ್ತಾನೆ, ಹುಡುಗಿಗೆ ಜಡೆ ಹೆಣೆಯುತ್ತಾನೆ, ಜ್ವರ ಬಂದರೆ ಪಕ್ಕದಲ್ಲೇ ಕೂತಿರುತ್ತಾನೆ, ಇವನಿಲ್ಲದಿದ್ದರೆ ನಾನು ಒಂದು ಇಟ್ಟಿಗೆಯನ್ನೂ ಇಡುತ್ತಿರಲಿಲ್ಲ. ಇದನ್ನೆಲ್ಲ ಅವಳು ಎಂದೂ ಅವನ ಎದುರಿಗೆ ಹೇಳಿರಲಿಲ್ಲ. ಹೇಳಲು ಅವನು ತಮ್ಮನಾಗಬೇಕಾಯಿತು. ಆಮೇಲೆ ನಿಟ್ಟುಸಿರು ಬಿಟ್ಟಂತೆ ಮಾಡಿ, ಆದರೆ ಬಂದವರನ್ನು ಎಷ್ಟು ದಿನ ಹಿಡಿದಿಡುವುದು, ನಾಳೆ ಹೊರಟುಬಿಡುತ್ತಾನೆ ಎಂದಳು. ಅವಳಿಗಳ ತಾಯಿ ಅಯ್ಯೋ ಎಂಬ ಸದ್ದು ಮಾಡಿದಳು. ಮಕ್ಕಳಿಗೆ ಕಷ್ಟವಾಗುತ್ತದೆ ಎಂದಳು.

ಮಗಳು ಅಮ್ಮನ ಮುಖ ನೋಡಿದಳು. ಅಲ್ಲಿ ನಗುವಿರಲಿಲ್ಲ. ಅವನ ಕಡೆ ಬಂದಳು, ಅಂಗಿಯ ತುದಿ ಹಿಡಿದಳು. ಬೆಳಿಗ್ಗೆಯಿಂದ ಸೇತುವೆಯನ್ನೂ ಅಪ್ಪನನ್ನೂ ತನಗೆ ಬೇಕಾದಂತೆ ಎತ್ತಿಟ್ಟವಳ ದನಿ ಸಣ್ಣದಾಗಿತ್ತು.

"ನಿಜವಾಗ್ಲೂ ಹೋಗ್ತೀಯಾ?"

"ಎಲ್ಲಿಗೂ ಇಲ್ಲ ಕಣೇ."

"ಮತ್ತೆ ಅಮ್ಮ ಹೇಳ್ತಿದ್ದಾಳೆ. ಅವರಿಗೆ ಹೇಳು ಹಾಗಾದ್ರೆ."

ಹೆಂಡತಿ ಕಾಯುತ್ತಿದ್ದಳು. ಹೆಲ್ಮೆಟ್ಟನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿ ಸುಮ್ಮನೆ ನಿಂತಿದ್ದಳು. ತಾನು ಒಂದು ಮಾತೂ ಸಹಾಯ ಮಾಡುವುದಿಲ್ಲ ಎಂಬುದು ಆ ನಿಲುವಿನಲ್ಲಿತ್ತು. ಅವಳಿಗಳ ತಾಯಿ ಮುಗುಳ್ನಗುತ್ತ ಇವನನ್ನು ನೋಡುತ್ತಿದ್ದಳು, ಒಳ್ಳೆಯ ಮಾವನನ್ನು ಕೊನೆಯ ಸಲ ನೋಡುವವಳಂತೆ. ಅವನಿಗೆ ಆ ನೋಟವನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಇಷ್ಟು ನಾಚಿಕೆಗೆಟ್ಟವನೇ ನಾನು ಎಂದು ಒಂದು ಕಡೆ ಅನಿಸುತ್ತಿದ್ದಾಗಲೇ ಇನ್ನೊಂದು ಕಡೆ, ಹೇಗೂ ನಾಳೆಯಿಂದ ಬೇರೆ ಪಾರ್ಕಿಗೆ ಹೋದರಾಯಿತು ಎಂದು ಲೆಕ್ಕ ಹಾಕುತ್ತಿದ್ದ. ಅಂಗಿಯ ತುದಿ ಕೆಳಕ್ಕೆ ಎಳೆಯಿತು. ಅವನು ಮನಸ್ಸಿನಲ್ಲಿ ವಾಕ್ಯ ಜೋಡಿಸಿಕೊಂಡ, ಕರ್ತೃ ಮೊದಲು, ಆಮೇಲೆ ಅದು, ಆಮೇಲೆ ಇದು. ಸುಳ್ಳು ಹೇಳಿದ ದಿನ ನುಣ್ಣಗೆ ಹೊರಳಿದ್ದ ನಾಲಿಗೆ ಈಗ ಬಾಯಿ ತುಂಬ ದಪ್ಪಗೆ ಬಿದ್ದುಕೊಂಡಿತ್ತು.

ನಾನು ತಮ್ಮ ಅಲ್ಲ ಎಂದ ಆ ಊರಿನ ಭಾಷೆಯಲ್ಲಿ. ನಾನು ಎಲ್ಲಿಗೂ ಹೋಗುವುದಿಲ್ಲ. ಇವು ನನ್ನವು. ನಾನು ಈ ಮಕ್ಕಳ ತಾಯಿ.

ಅವಳಿಗಳ ತಾಯಿಯ ಮುಗುಳ್ನಗು ಅಲ್ಲೇ ನಿಂತುಹೋಯಿತು. ಹೆಂಡತಿ ಪಕ್ಕನೆ ಆಚೆ ತಿರುಗಿದಳು. ಅವಳ ಬೆನ್ನು ಅಲುಗುತ್ತಿತ್ತು, ನಗುತ್ತಿದ್ದಳೋ ಅಳುತ್ತಿದ್ದಳೋ ಹಿಂದಿನಿಂದ ತಿಳಿಯುವಂತಿರಲಿಲ್ಲ. ತಪ್ಪಾಗಿದೆ ಎಂದು ಗೊತ್ತಾದರೂ ಎಲ್ಲಿ ತಪ್ಪಾಗಿದೆ ಎಂದು ಗೊತ್ತಾಗದೆ ಅವನು ಮಗಳ ಕಡೆ ನೋಡಿದ. ಮಗಳು ಬಹಳ ತಾಳ್ಮೆಯ ಉಸಿರೊಂದನ್ನು ಎಳೆದುಕೊಂಡಳು.

"ತಾಯಿ ಅಲ್ಲಪ್ಪಾ, ತಂದೆ," ಎಂದಳು. ಆ ಊರಿನ ಭಾಷೆಯಲ್ಲಿ ಅದಕ್ಕಿರುವ ಮಾತನ್ನು ಬಿಡಿಸಿ ಹೇಳಿ ತೋರಿಸಿದಳು. "ಬಾಯಿ ಅಗಲ ಮಾಡ್ಬೇಕು. ಹೇಳು."

ಅವನು ಹೇಳಿದ. ನಾಲಿಗೆ ಹಲ್ಲಿಗೆ ಸಿಕ್ಕಿಕೊಂಡಿತು.

"ಸರಿಯಾಗಿ ಬರ್ಲಿಲ್ಲ. ಇನ್ನೊಂದ್ಸಲ."

ಇನ್ನೊಂದು ಸಲ ಹೇಳಿದ. ಮಗಳು ತಲೆಯೋರೆ ಮಾಡಿ ಕೇಳಿಸಿಕೊಂಡಳು, ಪರವಾಗಿಲ್ಲ ಎಂಬಂತೆ ತುಟಿ ಮಾಡಿದಳು, ಆಮೇಲೆ ಅವನ ಅಂಗಿಯನ್ನು ಹಿಡಿದು ಅವಳಿಗಳ ತಾಯಿಯ ಕಡೆಗೆ ಪೂರ್ತಿ ತಿರುಗಿಸಿ ನಿಲ್ಲಿಸಿದಳು.

"ಈಗ ಜೋರಾಗಿ," ಎಂದಳು.

ಅವನು ಜೋರಾಗಿ ಹೇಳಿದ. ಜಾರುಬಂಡೆಯ ಮೇಲಿದ್ದ ಯಾರ್ಯಾರದೋ ಮಕ್ಕಳೂ ತಿರುಗಿ ನೋಡಿದರು.